‘ಎಷ್ಟು ಜನ?’ ಎಂದು ಯಾರೂ ಕೇಳದಿದ್ದ ಜಾಗ: ಒಂದು ಪ್ರಕರಣ ಅಧ್ಯಯನ

ಪ್ರಕರಣ ನನ್ನ ಬಳಿಗೆ ಬಂದದ್ದು ಬೇರೆಯದೇ ಹೆಸರಿನಲ್ಲಿ. “ಅಪ್ಪನಿಗೆ ಊಟ ಸೇರುತ್ತಿಲ್ಲ” ಎಂದು ಮಗಳು ಫೋನ್ ಮಾಡಿದ್ದರು. ವೈದ್ಯರು ರಕ್ತ, ಹೊಟ್ಟೆ, ಹಲ್ಲು ಎಲ್ಲವನ್ನೂ ನೋಡಿ ಮುಗಿಸಿದ್ದರು. ಹೇಳಿಕೊಳ್ಳುವಂಥ ತೊಂದರೆ ಏನೂ ಸಿಕ್ಕಿರಲಿಲ್ಲ. ಏಳು ವಾರದಲ್ಲಿ ನಾಲ್ಕು ಕಿಲೋ ಇಳಿದಿದ್ದರು. ಫೋನ್ ಇಡುವ ಮುನ್ನ ಮಗಳು ಸುಮ್ಮನೆ ಎಂಬಂತೆ ಒಂದು ಮಾತು ಸೇರಿಸಿದರು: “ಅವರು ದಿನಾ ಹೋಗುತ್ತಿದ್ದ ಹೋಟೆಲು ಮುಚ್ಚಿ ಹೆಚ್ಚುಕಡಿಮೆ ಅಷ್ಟೇ ದಿನವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು, ಅಲ್ಲವೇ?”

ನಾನು ಆಪ್ತಸಮಾಲೋಚನೆಯ ಕೆಲಸ ಮಾಡುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳಿಲ್ಲ. ಫೋನ್ ಮಾಡಿದವರು ಮಗಳು, ಅವರ ತಂದೆ ಹಿರಿಯರು, ಹೋಟೆಲು ನಡೆಸುತ್ತಿದ್ದವರು ಯಜಮಾನರು. ಇನ್ನೊಬ್ಬರು ಪತ್ರಿಕೆಯವರು, ಈ ಹೆಸರು ನಾನು ಇಟ್ಟದ್ದಲ್ಲ, ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲಿ ಉಂಡ ಮನುಷ್ಯನನ್ನು ಹಿರಿಯರು ಮನಸ್ಸಿನಲ್ಲೇ ಕರೆಯುತ್ತಿದ್ದ ಹೆಸರು.

ಹಿನ್ನೆಲೆ

ಹಿರಿಯರಿಗೆ ಎಪ್ಪತ್ತೊಂದು. ಲೆಕ್ಕಪತ್ರದ ಕೆಲಸದಿಂದ ನಿವೃತ್ತರು, ಒಬ್ಬರೇ ಇರುತ್ತಾರೆ. ಆ ಹೋಟೆಲಿಗೆ ಹತ್ತೊಂಬತ್ತು ವರ್ಷಗಳಿಂದ ಹೋಗುತ್ತಿದ್ದರು. ಮೊದಲ ಹತ್ತು ವರ್ಷ ಹೆಂಡತಿಯ ಜೊತೆ ವಾರಕ್ಕೊಮ್ಮೆ. ಅವರು ತೀರಿಕೊಂಡ ಮೇಲೆ, ವಾರದ ರಜೆ ಬಿಟ್ಟು ದಿನವೂ ಮಧ್ಯಾಹ್ನ. ಅದೇ ರಸ್ತೆಯ ಇನ್ನೆರಡು ಹೋಟೆಲುಗಳು ಹಿಂದಿನ ಮೂರು ವರ್ಷಗಳಲ್ಲಿ ಬಾಗಿಲು ಹಾಕಿದ್ದವು. ಆಗ ಅವರಿಗೆ ಬೇಸರವಾಗಿತ್ತೇ ಹೊರತು ಊಟ ಬಿಟ್ಟಿರಲಿಲ್ಲ.

ಈ ಸಲ ಹಾಗಾಗಲಿಲ್ಲ. ಒಂದು ಮಧ್ಯಾಹ್ನ ಹೋದಾಗ ಷಟರ್ ಇಳಿದಿತ್ತು. ಒಂದು ಹಾಳೆ ಅಂಟಿಸಿದ್ದರು: “ಇಂದಿನಿಂದ ಹೋಟೆಲು ಇರುವುದಿಲ್ಲ. ಇಷ್ಟು ವರ್ಷ ಬಂದವರಿಗೆಲ್ಲ ನಮಸ್ಕಾರ.” ಹಿಂದಿನ ದಿನ ಊಟ ಮುಗಿಸಿ ಎದ್ದಾಗ ಯಾರೂ ಏನೂ ಹೇಳಿರಲಿಲ್ಲ. ಹಿರಿಯರು ಷಟರಿನ ಮುಂದೆ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದರು. ಮಗಳಿಗೆ ಆ ಸುದ್ದಿಯನ್ನು ಮೂರು ದಿನ ಹೇಳಲೇ ಇಲ್ಲ.

ಮುಂದಿನ ವಾರ ಆ ಭಾಗದ ಕೆಲವರು ‘ಹೋಟೆಲು ಉಳಿಸಿ’ ಎಂದು ಸಹಿ ಸಂಗ್ರಹಕ್ಕೆ ಹೊರಟರು. ಮನೆಮನೆಗೆ ಹೋದರು, ಸಹಿಗಳ ಪ್ರತಿಯನ್ನು ಷಟರಿಗೂ ಅಂಟಿಸಿದರು. ಹಿರಿಯರು ಸಹಿ ಹಾಕಲಿಲ್ಲ. ಇಷ್ಟು ಹಚ್ಚಿಕೊಂಡ ಜಾಗಕ್ಕೆ ಒಂದು ಸಹಿ ಹಾಕದವರು ಅದಕ್ಕಾಗಿ ಊಟ ಬಿಡುತ್ತಾರೆಯೇ ಎಂಬುದು ಮಗಳ ತರ್ಕ. ಹಾಗಾಗಿಯೇ “ಸಂಬಂಧ ಇರಲಾರದು” ಎಂದಿದ್ದರು. ಆ ಸಹಿಯ ವಿಷಯ ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಮಾಡಿ ನೋಡಿದ್ದು

ಮಗಳು ಕೈಕಟ್ಟಿ ಕೂತವರಲ್ಲ. ಮೊದಲು ಮನೆಗೆ ಊಟ ತರಿಸಿದರು. ಪೊಟ್ಟಣ ಸಂಜೆಯವರೆಗೆ ಬಿಚ್ಚದೆ ಉಳಿಯುತ್ತಿತ್ತು. ಆಮೇಲೆ ಹೋಟೆಲಿನ ಹಳೆಯ ಅಡುಗೆಯವರು ಈಗ ಎಲ್ಲಿದ್ದಾರೆ ಎಂದು ಹುಡುಕಿ, ಅವರ ಕೈಯಿಂದಲೇ ಅದೇ ಅಡುಗೆ ಮಾಡಿಸಿ ತಂದರು. ತಟ್ಟೆಗೆ ಹಾಕಿ ಎದುರಿಗೆ ಕುಳಿತರು. ಹಿರಿಯರು ಎರಡು ತುತ್ತು ಉಂಡು, “ರುಚಿ ಸರಿಯಾಗಿದೆ. ಅವರದೇ ಕೈ” ಎಂದು ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ. ನಾಲಿಗೆಗೆ ಬೇಕಾದದ್ದೆಲ್ಲ ಆ ತಟ್ಟೆಯಲ್ಲಿತ್ತು.

ಮೂರನೆಯದು, ಮುಂದಿನ ಬೀದಿಯ ಹೊಸ ಹೋಟೆಲು. ಚೊಕ್ಕಟವಾದ ಜಾಗ, ಒಳ್ಳೆಯ ಜನ. ಬಾಗಿಲಲ್ಲಿ ನಿಂತಿದ್ದ ಹುಡುಗ ನಗುತ್ತಲೇ “ಎಷ್ಟು ಜನ?” ಎಂದು ಕೇಳಿದ. ಹಿರಿಯರು ಉತ್ತರ ಕೊಡದೆ ತಿರುಗಿ ನಡೆದುಬಿಟ್ಟರು. ಇದನ್ನು ಮಗಳು ನನಗೆ ಮೊಂಡುತನದ ಉದಾಹರಣೆಯಾಗಿ ಹೇಳಿದರು. ಅಪ್ಪ ದುಃಖದ ಮೊದಲನೆಯ ಹಂತದಲ್ಲೇ ಸಿಕ್ಕಿಕೊಂಡಿದ್ದಾರೆ, ‘ನಿರಾಕರಣೆ’ಯಲ್ಲಿದ್ದಾರೆ ಎಂದು ಎಲ್ಲೋ ಓದಿದ್ದನ್ನೂ ಸೇರಿಸಿದರು. ಈ ಐದು ಹಂತಗಳ ಮಾತು ಎಲ್ಲರ ಬಾಯಲ್ಲೂ ಇದೆ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದುಕೊಂಡವರು ಯಾವ ವಾರ ಯಾವ ಮೆಟ್ಟಿಲಲ್ಲಿರಬೇಕು ಎಂಬ ವೇಳಾಪಟ್ಟಿ ಅದಲ್ಲ.

ಮಗಳನ್ನು ತಿದ್ದುವುದು ಸುಲಭವಿತ್ತು. ನನ್ನ ತಪ್ಪು ಅದಕ್ಕಿಂತ ದೊಡ್ಡದು. ಹೆಂಡತಿಯ ಜೊತೆ ಹತ್ತು ವರ್ಷ ಹೋದ ಹೋಟೆಲು, ಆಮೇಲೆ ಒಂಟಿಯಾಗಿ ಒಂಬತ್ತು ವರ್ಷ ಎಂದು ಕೇಳಿದೊಡನೆ ಕತೆ ನನ್ನ ತಲೆಯಲ್ಲಿ ಪೂರ್ತಿಯಾಗಿಬಿಟ್ಟಿತು: ಹೋಟೆಲು ನೆಪ, ದುಃಖ ಹೆಂಡತಿಯದು, ಅಂದು ಅಳದೆ ಉಳಿದದ್ದು ಈಗ ಹೊರಬರುತ್ತಿದೆ. ಮೂರು ಭೇಟಿಗಳನ್ನು ಈ ದಾರಿಯಲ್ಲೇ ಕಳೆದೆ. ಅವರು ಸೌಜನ್ಯದಿಂದ ಉತ್ತರ ಕೊಡುತ್ತಿದ್ದರು. ಮೂರನೆಯ ಭೇಟಿಯ ಕೊನೆಗೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು: “ನೋಡಿ, ನನ್ನ ಹೆಂಡತಿಗಾಗಿ ನಾನು ಅತ್ತಾಗಿದೆ. ಆಗ ಬಂದು ಕೂತವರಿದ್ದರು, ಊಟ ತಂದವರಿದ್ದರು, ರಜೆ ಕೊಟ್ಟವರಿದ್ದರು. ಇದು ಬೇರೆ. ಇದಕ್ಕೆ ಯಾರೂ ಬರುವುದಿಲ್ಲ.”

ತಿರುವು

ನಷ್ಟ ನಿಜವಾಗಿದ್ದರೂ ಅದಕ್ಕೆ ಅಳುವ ಹಕ್ಕನ್ನು ಸುತ್ತಲಿನವರು ಒಪ್ಪದೆ ಹೋಗುವ ಸ್ಥಿತಿಯನ್ನು ಶೋಕದ ಬಗ್ಗೆ ಅಧ್ಯಯನ ಮಾಡಿದ ಕೆನೆತ್ ಡೋಕಾ 1980ರ ದಶಕದಲ್ಲಿ ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಮಾನ್ಯತೆ ಸಿಗದ ಶೋಕ ಎನ್ನಬಹುದು. ಆ ವಿಷಯ ನನಗೆ ಗೊತ್ತಿತ್ತು, ತರಬೇತಿಯಲ್ಲಿ ಬೇರೆಯವರಿಗೆ ಪಾಠವನ್ನೂ ಮಾಡಿದ್ದೆ. ಆದರೂ ಹೋಟೆಲಿಗಾಗಿ ಮನುಷ್ಯ ಇಷ್ಟು ಕುಗ್ಗಬಹುದು ಎಂದು ಒಪ್ಪಲಾರದೆ, ಜನ ಒಪ್ಪುವಂಥ ಒಂದು ದುಃಖವನ್ನು ಅವರ ಮೇಲೆ ಹೊರಿಸುತ್ತಿದ್ದೆ. ಮಾನ್ಯತೆ ಕೊಡದವರ ಸಾಲಿನಲ್ಲಿ ನಾನೂ ನಿಂತಿದ್ದೆ.

ನಾಲ್ಕನೆಯ ಭೇಟಿಯಲ್ಲಿ ಪ್ರಶ್ನೆ ಬದಲಿಸಿದೆ. ಆ ಜಾಗ ಏನನ್ನು ನೆನಪಿಸುತ್ತದೆ ಎಂದು ಕೇಳುವುದನ್ನು ಬಿಟ್ಟು, ಒಂದು ಸಾಧಾರಣ ದಿನವನ್ನು ಮನೆಯಿಂದ ಹೊರಟಲ್ಲಿಂದ ಮನೆಗೆ ಮರಳುವವರೆಗೆ ಹೇಳಿ ಎಂದೆ. ಮುಕ್ಕಾಲು ಗಂಟೆ ಮಾತಾಡಿದರು.

ಹನ್ನೆರಡಕ್ಕೆ ಮೊದಲು ಸ್ನಾನ, ಇಸ್ತ್ರಿ ಮಾಡಿದ ಅಂಗಿ. ಹೋಟೆಲಿಗೆ ಹನ್ನೊಂದು ನಿಮಿಷದ ನಡಿಗೆ. ಬಾಗಿಲು ಕೆಳಗಡೆ ಕಚ್ಚಿಕೊಳ್ಳುತ್ತಿತ್ತು, ಹಿಡಿಯನ್ನು ಚೂರು ಮೇಲೆತ್ತಿ ತಳ್ಳಬೇಕು. ಹೊಸಬರು ಎಳೆದಾಡುತ್ತಿದ್ದರು, ಹಳಬರಿಗೆ ಕೈಯೇ ತಿಳಿದಿತ್ತು. ಅವರ ಮೇಜು ಕೈತೊಳೆಯುವ ಜಾಗದ ಪಕ್ಕದ್ದು. ಅದರ ಬಲಗಾಲಿನ ಅಡಿಗೆ ನಾಲ್ಕು ಮಡಿಕೆ ಮಾಡಿದ ಕಾಗದ ಇಡುತ್ತಿದ್ದರು; ಆರು ತಿಂಗಳಿಗೊಮ್ಮೆ ಅದು ಸವೆದು ಮೇಜು ಅಲುಗತೊಡಗಿದಾಗ ಸಪ್ಲೈಯರ್ ಹೊಸದನ್ನು ಮಡಿಚಿ ಇಡುತ್ತಿದ್ದ. ಇವರು ಕೂರುವ ಮೊದಲೇ ನೀರಿನ ಲೋಟ ಬರುತ್ತಿತ್ತು. ಎದುರಿನ ಕುರ್ಚಿಯನ್ನು ಅವನು ಸ್ವಲ್ಪ ಓರೆ ಮಾಡುತ್ತಿದ್ದ, ಇವರ ಚೀಲಕ್ಕೆ. ಗಲ್ಲಾದಲ್ಲಿದ್ದ ಯಜಮಾನರು ತಲೆ ಎತ್ತದೆ ಪೆನ್ನನ್ನು ಮಾತ್ರ ಮೇಲಕ್ಕೆತ್ತುತ್ತಿದ್ದರು, ಅದು ನಮಸ್ಕಾರ. ಪತ್ರಿಕೆಯವರು ಪತ್ರಿಕೆಯ ಮೇಲಿಂದ ಹುಬ್ಬು ಹಾರಿಸುತ್ತಿದ್ದರು. ಊಟ ಮುಗಿದಾಗ ಸಪ್ಲೈಯರ್ ಕೇಳುತ್ತಿದ್ದದ್ದು ಒಂದೇ ಪದ, “ಆಯಿತೇ?”

ಒಮ್ಮೆ ಜ್ವರ ಬಂದು ಎರಡು ದಿನ ಹೋಗಿರಲಿಲ್ಲ. ಮೂರನೆಯ ದಿನ ಸಪ್ಲೈಯರ್ ಮನೆಯ ಬಾಗಿಲು ತಟ್ಟಿದ್ದ. ಹಿಂದೆಂದೋ ಮಳೆಯಲ್ಲಿ ಕೊಡೆ ಹಿಡಿದು ಮನೆಯವರೆಗೆ ಬಿಟ್ಟುಹೋಗಿದ್ದರಿಂದ ಅವನಿಗೆ ಮನೆ ಗೊತ್ತಿತ್ತು.

“ಈಗ ಎರಡು ದಿನ ನಾನು ಕಾಣದಿದ್ದರೆ ಯಾರಿಗೆ ಗೊತ್ತಾಗುತ್ತದೆ?” ಎಂದರು. ಮಗಳು ವಾರಕ್ಕೊಮ್ಮೆ, ಭಾನುವಾರ ಫೋನ್ ಮಾಡುತ್ತಾರೆ. ಲೆಕ್ಕದ ಮನುಷ್ಯ, “ಸೋಮವಾರ ಬಿದ್ದರೆ ಆರು ದಿನ” ಎಂದೂ ಸೇರಿಸಿದರು.

ಹೊಸ ಹೋಟೆಲಿನ ಹುಡುಗನ ಪ್ರಶ್ನೆ ಯಾಕೆ ಚುಚ್ಚಿತು ಎಂಬುದು ನನಗೆ ಆಗ ಹೊಳೆಯಿತು. ಒಂಬತ್ತು ವರ್ಷಗಳಿಂದ ಅವರನ್ನು ಯಾರೂ “ಎಷ್ಟು ಜನ?” ಎಂದು ಕೇಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮೊದಲ ಸಲ ಒಬ್ಬರೇ ಹೋದ ದಿನವೂ ಸಪ್ಲೈಯರ್ ಏನೂ ಕೇಳದೆ, ಮೇಜಿನ ಮೇಲಿದ್ದ ಎರಡನೆಯ ಲೋಟವನ್ನು ಎತ್ತಿಕೊಂಡು ಹೋಗಿದ್ದನಂತೆ.

ಮನೆ ಮತ್ತು ಕೆಲಸದ ಜಾಗ ಬಿಟ್ಟು, ಕರೆಯಿಲ್ಲದೆ ಹೋಗಿ ಕೂರಬಹುದಾದ ಜಾಗಗಳನ್ನು ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ‘ಮೂರನೆಯ ಜಾಗ’ ಎಂದು ಕರೆದರು. ಅದಕ್ಕೂ ಮುಂಚೆ, 1973ರಲ್ಲಿ, ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಆಪ್ತರಲ್ಲದ ಪರಿಚಯಗಳು ಎಷ್ಟು ಕೆಲಸಕ್ಕೆ ಬರುತ್ತವೆ ಎಂದು ತೋರಿಸಿದ್ದರು. ಅವರು ನೋಡಿದ್ದು ಸುದ್ದಿ ಮತ್ತು ಉದ್ಯೋಗ ಹೇಗೆ ಸಿಗುತ್ತವೆ ಎಂಬುದನ್ನು. ನನ್ನ ಮುಂದೆ ಕುಳಿತವರಿಗೆ ಬೇಕಿದ್ದದ್ದು ಉದ್ಯೋಗವಲ್ಲ, ತಾನು ಇಂದು ಬಂದಿಲ್ಲ ಎಂಬುದನ್ನು ಗಮನಿಸುವ ಒಂದು ಕಣ್ಣು. ಹೆಸರೂ ಗೊತ್ತಿಲ್ಲದ ನಾಲ್ಕೈದು ಜನ ಸೇರಿ ಅದನ್ನು ಬಿಟ್ಟಿಯಾಗಿ ಕೊಡುತ್ತಿದ್ದರು. ಇನ್ನೂ ಹಳೆಯದೊಂದು ಕೆಲಸವಿದೆ. ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ಎಂಡ್ ಪ್ರದೇಶವನ್ನು ಕೆಡವಿದಾಗ ಅಲ್ಲಿಂದ ಹೋದವರನ್ನು ಮಾತಾಡಿಸಿದ ಮಾರ್ಕ್ ಫ್ರೈಡ್ 1963ರಲ್ಲಿ ಬರೆದದ್ದು, ಅವರಲ್ಲಿ ಅನೇಕರ ಸಂಕಟ ಯಾರನ್ನೋ ಕಳೆದುಕೊಂಡವರ ಶೋಕದಂತೆಯೇ ಇತ್ತು ಎಂದು. ಜಾಗಕ್ಕಾಗಿ ಅಳುವುದನ್ನು ಕಂಡವರಲ್ಲಿ ನಾನು ಮೊದಲಿಗನಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಸಹಿ ಹಾಕದ ಕಾರಣ

ಐದನೆಯ ಭೇಟಿಯಲ್ಲಿ ಕೊನೆಗೂ ಸಹಿಯ ವಿಷಯ ಎತ್ತಿದೆ. ಬಹಳ ಹೊತ್ತು ಸುಮ್ಮನಿದ್ದರು.

“ನನಗೆ ಗೊತ್ತಿತ್ತು” ಎಂದರು.

ಅಭ್ಯಾಸ ಬಿಡಲಿಲ್ಲ, ಎರಡು ವರ್ಷದಿಂದ ಮೇಜು ಎಣಿಸುತ್ತಿದ್ದರು. ಹದಿನಾಲ್ಕು ಮೇಜು, ಮಧ್ಯಾಹ್ನ ಒಂದರ ಹೊತ್ತಿಗೆ ಮೊದಲು ಹತ್ತು ಹನ್ನೊಂದು ತುಂಬುತ್ತಿದ್ದವು, ಆಮೇಲೆ ಎಂಟು, ಕೊನೆಯ ತಿಂಗಳುಗಳಲ್ಲಿ ಐದು. ಬಾಡಿಗೆ ಎಷ್ಟಿರಬಹುದು, ಸಂಬಳ ಎಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಹೋಟೆಲು ವ್ಯವಹಾರದಲ್ಲಿ ಅಡುಗೆ ಸಾಮಾನು ಮತ್ತು ಸಂಬಳ ಎರಡೇ ಸೇರಿ ಮಾರಾಟದ ಶೇಕಡ 60ರ ಆಸುಪಾಸಿಗೆ ಬರುತ್ತದೆ ಎಂಬುದು ರೂಢಿಯ ಅಂದಾಜು. ಬಾಡಿಗೆ, ದೀಪ, ನೀರು, ಒಲೆ, ದುರಸ್ತಿ ಎಲ್ಲ ಉಳಿದದ್ದರಲ್ಲೇ ಆಗಬೇಕು. ಐದು ಮೇಜಿನಲ್ಲಿ ಅದು ಆಗುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಯಾರಿಗೂ ಹೇಳಲಿಲ್ಲ. ಅಷ್ಟೇ ಅಲ್ಲ, ನಾಲ್ವರು ಕೂರುವ ಮೇಜಿನಲ್ಲಿ ಒಬ್ಬರೇ, ದಿನಕ್ಕೆ ಒಂದೂಕಾಲು ಗಂಟೆ, ಒಂದು ಸಣ್ಣ ಊಟದ ದುಡ್ಡಿಗೆ. “ಒಂಬತ್ತು ವರ್ಷ ಅವರ ಮೇಜು ತಿಂದವನು ನಾನು. ಉಳಿಸಿ ಎಂದು ಯಾವ ಮುಖ ಇಟ್ಟುಕೊಂಡು ಸಹಿ ಹಾಕಲಿ?”

ಊಟ ಸೇರದಿದ್ದುದಕ್ಕೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ. ಹಾಗೆಲ್ಲ ಅಂದುಕೊಳ್ಳಬೇಡಿ ಎಂದು ಹೇಳಬಹುದಿತ್ತು. ನಾನು ಹೇಳಿದ್ದರೆ ಅದಕ್ಕೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ, ಏಕೆಂದರೆ ಲೆಕ್ಕ ನನ್ನದಲ್ಲ. ಹೇಳಬಲ್ಲವರು ಒಬ್ಬರೇ.

ಯಜಮಾನರನ್ನು ಭೇಟಿ ಮಾಡಿಸಬೇಕೇ ಬೇಡವೇ ಎಂಬುದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಕಷ್ಟವೆನಿಸಿದ ತೀರ್ಮಾನ. ಅವರು ನನ್ನ ಬಳಿ ಬಂದವರಲ್ಲ, ಅವರ ಬದುಕಿನಲ್ಲಿ ಕೈ ಹಾಕುವ ಅಧಿಕಾರ ನನಗಿಲ್ಲ. “ಹೌದು ಸಾರ್, ನಿಮ್ಮಿಂದಲೂ ಆಯಿತು” ಎಂದುಬಿಟ್ಟರೆ? ಹಿರಿಯರನ್ನು ಕೇಳಿಯೇ, ಸಪ್ಲೈಯರ್ ಮೂಲಕ ಹೇಳಿ ಕಳಿಸಿದೆವು. ಯಜಮಾನರು ಮೊದಲು ಬೇಡವೆಂದರು. ಮೂರು ವಾರದ ಮೇಲೆ ತಾವಾಗಿಯೇ ಬರುತ್ತೇನೆಂದರು, ಒಂದು ಷರತ್ತಿನ ಮೇಲೆ: ಮತ್ತೆ ತೆರೆಯಿರಿ ಎಂದು ಯಾರೂ ಹೇಳಬಾರದು.

ಯಜಮಾನರ ಮಾತು

ಹಿರಿಯರ ಮನೆಯಲ್ಲೇ ಸೇರಿದೆವು. ಗಲ್ಲಾದ ಹಿಂದೆ ಕುಳಿತವರನ್ನೇ ನೋಡಿದ್ದ ಹಿರಿಯರಿಗೆ ಅವರು ಕುಂಟುತ್ತಾರೆ ಎಂಬುದು ಅಂದೇ ಗೊತ್ತಾದದ್ದು. ಎರಡೂ ಮಂಡಿ ಹೋಗಿದ್ದವು. ಬೆಳಗ್ಗೆ ನಾಲ್ಕಕ್ಕೆ ಏಳುವುದು, ರಾತ್ರಿ ಹನ್ನೊಂದಕ್ಕೆ ಮಲಗುವುದು, ಇಪ್ಪತ್ತಾರು ವರ್ಷ. ಮಕ್ಕಳಿಗೆ ಈ ಕೆಲಸ ಬೇಡ. ಬಾಡಿಗೆಯ ಕರಾರು ಮುಗಿದಿತ್ತು, ಹೊಸ ಕರಾರಿಗೆ ಐದು ವರ್ಷದ ಸಹಿ ಹಾಕಬೇಕಿತ್ತು. ಪೆನ್ನು ಹಿಡಿದು ಕೂತಾಗ ಕೈ ಏಳಲಿಲ್ಲ ಎಂದರು.

ಹೊಸ ಹೋಟೆಲುಗಳಲ್ಲಿ ಹತ್ತಕ್ಕೆ ಒಂಬತ್ತು ಮೊದಲ ವರ್ಷವೇ ಮುಳುಗುತ್ತವೆ ಎಂಬ ಮಾತನ್ನು ಕೇಳಿರುತ್ತೀರಿ. ಅಮೆರಿಕದ ಕೊಲಂಬಸ್ ನಗರವನ್ನು ಇಟ್ಟುಕೊಂಡು ಎಚ್. ಜಿ. ಪಾರ್ಸಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಪ್ರಮಾಣ ಶೇಕಡ 26ರಷ್ಟಿತ್ತು, ಮೂರು ವರ್ಷಕ್ಕೆ ಶೇಕಡ 60ರ ಹತ್ತಿರ. ಆ ಅಧ್ಯಯನದಲ್ಲಿ ನನಗೆ ಹಿಡಿಸಿದ ಅಂಶ ಬೇರೆ: ಮುಚ್ಚಿದ್ದಕ್ಕೆ ನಷ್ಟವೊಂದೇ ಕಾರಣವಲ್ಲ, ಮನೆ ಸಂಸಾರದ ಒತ್ತಡಕ್ಕೆ ಬೇಸತ್ತು ಬಿಟ್ಟವರೂ ಅದರಲ್ಲಿದ್ದರು. ಗಿರಾಕಿಗಳು ಹೋಟೆಲು ‘ಸತ್ತಿತು’ ಎನ್ನುತ್ತಾರೆ. ಇಲ್ಲಿ ಒಬ್ಬ ಮನುಷ್ಯ ಕೆಲಸದಿಂದ ನಿವೃತ್ತನಾಗಿದ್ದ, ಅಷ್ಟೇ.

ಮುಂಚೆಯೇ ಯಾಕೆ ಹೇಳಲಿಲ್ಲ ಎಂದು ಹಿರಿಯರು ಕೇಳಿದರು. ಧ್ವನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು, ನನಗೆ ಒಳಗೊಳಗೇ ಸಂತೋಷವಾಯಿತು. ಒಂದು ತಿಂಗಳು ಮೊದಲೇ ಹೇಳಿದರೆ ಸಾಮಾನು ಕೊಡುವವರು ಸಾಲ ನಿಲ್ಲಿಸುತ್ತಾರೆ, ಹುಡುಗರು ಬೇರೆ ಕಡೆ ಕೆಲಸ ಹುಡುಕಿ ಅರ್ಧದಲ್ಲೇ ಹೋಗುತ್ತಾರೆ ಎಂದು ಯಜಮಾನರು ವಿವರಿಸಿದರು. ಆಮೇಲೆ ನಿಜವಾದ ಕಾರಣ ಹೇಳಿದರು: “ನಿಮ್ಮಂಥವರ ಮುಖ ನೋಡಿಕೊಂಡು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ ಸಾರ್.” ಷಟರಿನ ಮೇಲಿದ್ದ ಸಹಿಗಳನ್ನು ರಾತ್ರಿ ಬಂದು ಓದಿದ್ದರಂತೆ. ಮುಕ್ಕಾಲು ಪಾಲು ಜನ ವರ್ಷಗಳಿಂದ ಬಾರದವರು. “ಇವರಲ್ಲಿ ಅರ್ಧ ಜನ ತಿಂಗಳಿಗೆ ಎರಡು ಸಲ ಬಂದಿದ್ದರೆ ಸಾಕಿತ್ತು” ಎಂದು ನಕ್ಕರು. ಆ ದಿನದಿಂದ ಅವರು ಆ ರಸ್ತೆಗೇ ಹೋಗಿಲ್ಲ.

ಹಿರಿಯರು ಮೇಜಿನ ವಿಷಯ ಎತ್ತಿದರು, ಲೆಕ್ಕ ಸಮೇತ. ಯಜಮಾನರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅಂದರು: “ಕೈತೊಳೆಯುವ ಜಾಗದ ಪಕ್ಕದ ಮೇಜು ಸಾರ್ ಅದು. ನೀರು ಸಿಡಿಯುತ್ತದೆ ಎಂದು ಯಾರೂ ಕೂರುತ್ತಿರಲಿಲ್ಲ. ನೀವು ಬರದಿದ್ದರೆ ಅದನ್ನು ಯಾವತ್ತೋ ತೆಗೆದುಹಾಕಿರುತ್ತಿದ್ದೆ.”

ಹಿರಿಯರು ಅತ್ತದ್ದು ಆಗ. ಯಜಮಾನರೂ ಮುಖ ಆಚೆ ತಿರುಗಿಸಿಕೊಂಡರು. ನನಗೆ ಅಲ್ಲಿ ಕೆಲಸವಿರಲಿಲ್ಲ. ಒಳಗೆ ಹೋಗಿ ನೀರು ತಂದೆ.

ಆಮೇಲೆ

ಹಸಿವು ಒಂದೇ ದಿನಕ್ಕೆ ಮರಳಲಿಲ್ಲ, ಎರಡು ವಾರ ಹಿಡಿಯಿತು. ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ ಹಾಗೆ, ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ಉಯ್ಯಾಲೆಯಂತೆ ಹೋಗಿಬರುತ್ತಿರುತ್ತಾರೆ. ಒಂದು ವಾರ ಹೊಸ ದಾರಿಯ ಮಾತು, ಮರುವಾರ ಮತ್ತೆ ಷಟರಿನ ಮುಂದೆ ನಿಂತು ಬಂದ ಸುದ್ದಿ. ಇದು ಹಿನ್ನಡೆಯಲ್ಲ ಎಂದು ಮಗಳಿಗೆ ಮೂರು ಸಲ ಹೇಳಬೇಕಾಯಿತು.

ಹೋಟೆಲು ಅವರಿಗೆ ಮಾಡಿಕೊಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ಗೈರುಹಾಜರಿಯ ಲೆಕ್ಕಕ್ಕೆ ಮಗಳ ಜೊತೆ ದಿನವೂ ಬೆಳಗ್ಗೆ ಒಂದು ಸಂದೇಶ ಎಂದಾಯಿತು, ಅದು ಸುಲಭ. ಹತ್ತೊಂಬತ್ತು ವರ್ಷದ ಪರಿಚಯಕ್ಕೆ ಬದಲಿ ಹುಡುಕಲು ಹೋಗಲೇ ಇಲ್ಲ. ಅದು ಹೋಯಿತು.

ಒಂದು ಪ್ರಯತ್ನ ಚೆನ್ನಾಗಿ ಕೆಟ್ಟಿತು. ಸಪ್ಲೈಯರ್ ಹತ್ತಿರ ಪತ್ರಿಕೆಯವರ ಫೋನ್ ನಂಬರ್ ಇತ್ತು. ಇಬ್ಬರೂ ಹೊಸ ಹೋಟೆಲಿನಲ್ಲಿ ಒಂದೇ ಮೇಜಿಗೆ ಎದುರುಬದುರು ಕೂತು ಉಂಡರೆ ಒಳ್ಳೆಯದೆಂದು ನಾನೇ ಸೂಚಿಸಿದ್ದೆ. ಹತ್ತು ನಿಮಿಷದಲ್ಲಿ ಮಾತು ಮುಗಿಯಿತಂತೆ. ಹನ್ನೊಂದು ವರ್ಷ ಅವರದು ಪಕ್ಕದ ಮೇಜಿನ ಸಂಬಂಧ. ಎದುರಿಗೆ ಕೂರಿಸಿದರೆ ಇಬ್ಬರೂ ಅಪರಿಚಿತರು. ಸ್ನೇಹವೆಂದರೆ ಹತ್ತಿರವಾಗುವುದು ಎಂದು ನನ್ನಂಥವರು ತಿಳಿದಿರುತ್ತೇವೆ. ಕೆಲವು ಸಂಬಂಧಗಳಿಗೆ ಆ ಎರಡಡಿ ಅಂತರವೇ ಆಧಾರ.

ಪರಿಹಾರ ಅವರೇ ಕಂಡುಕೊಂಡರು, ನನ್ನನ್ನು ಕೇಳದೆ. ಹತ್ತಿರದ ಗ್ರಂಥಾಲಯದ ವಾಚನಾಲಯಕ್ಕೆ ಇಬ್ಬರೂ ಈಗ ಹನ್ನೆರಡಕ್ಕೆ ಹೋಗುತ್ತಾರೆ. ಬೇರೆ ಬೇರೆ ಮೇಜು. ಒಬ್ಬರು ಬರುವುದು ತಡವಾದರೆ ಇನ್ನೊಬ್ಬರು ಬಾಗಿಲ ಕಡೆ ನೋಡುತ್ತಾರೆ. ಆಮೇಲೆ ತಮ್ಮ ತಮ್ಮ ಮನೆಗೆ ಊಟಕ್ಕೆ. ವಾರಕ್ಕೆರಡು ಸಲ ಹಿರಿಯರು ಹೊಸ ಹೋಟೆಲಿಗೂ ಹೋಗುತ್ತಾರೆ. ಹುಡುಗ ಇನ್ನೂ ಎಷ್ಟು ಜನ ಎಂದು ಕೇಳುತ್ತಾನೆ, ಇವರು ಒಂದು ಬೆರಳು ತೋರಿಸುತ್ತಾರೆ.

ಇಂಥ ಪ್ರಕರಣ ಮತ್ತೆ ಬಂದರೆ ಮೊದಲ ಭೇಟಿಯಲ್ಲೇ ಒಂದು ದಿನದ ದಾರಿಯನ್ನು ಪೂರ್ತಿ ಕೇಳುತ್ತೇನೆ, ಹಿಂದಿನ ಸಾವುಗಳನ್ನು ಆಮೇಲೆ. ಹೋಗದವರು, ಸಹಿ ಹಾಕದವರು, ಸುಮ್ಮನಿರುವವರು ಯಾಕೆ ಸುಮ್ಮನಿದ್ದಾರೆ ಎಂದು ಬೇಗ ವಿಚಾರಿಸುತ್ತೇನೆ. ಉಳಿಸುವ ಉತ್ಸಾಹದಲ್ಲಿರುವವರು ಸಿಕ್ಕರೆ, ಕಾಗದ ಅಂಟಿಸುವ ಮೊದಲು ಯಜಮಾನರಿಗೆ ಉಳಿಯುವ ಮನಸ್ಸಿದೆಯೇ ಎಂದು ಕೇಳಿ ಎನ್ನುತ್ತೇನೆ. ಮತ್ತೆ ಯಾರನ್ನೂ ಎದುರುಬದುರು ಕೂರಿಸುವುದಿಲ್ಲ.

ಈ ಬರಹವನ್ನು ಪ್ರಕಟಣೆಗೆ ಮೊದಲು ಹಿರಿಯರಿಗೆ ಓದಲು ಕೊಟ್ಟಿದ್ದೆ. ಪೆನ್ಸಿಲಿನಲ್ಲಿ ಎರಡು ಕಡೆ ತಿದ್ದಿ ಮರಳಿಸಿದರು. ಹೋಟೆಲಿಗೆ ಹನ್ನೆರಡು ನಿಮಿಷದ ನಡಿಗೆ ಎಂದು ಬರೆದಿದ್ದೆ, ಹನ್ನೊಂದು ಮಾಡಿದ್ದರು. ಕಾಗದ ಇಡುತ್ತಿದ್ದದ್ದು ಮೇಜಿನ ಎಡಗಾಲಿಗೆ ಎಂದಿದ್ದೆ, ಬಲಗಾಲು ಎಂದು ಅಂಚಿನಲ್ಲಿ ಬರೆದು ಅಡಿಗೆರೆ ಎಳೆದಿದ್ದರು.